ಗೇಟಿನ ಪಕ್ಕದ ಗಿಡ್ಡ ಕಲ್ಲು

ಹುಟ್ಟಿದಾಗ ಇಟ್ಟ ಹೆಸರು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತಿತ್ತು. ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೂ ಅವಳು ಬುಡ್ಡಿಯೇ. ಎರಡನೇ ಕ್ಲಾಸಿನಲ್ಲಿ ಮೂಗಿನ ಮೇಲೆ ಏರಿ ಕೂತ ಸೋಡಾಬುಡ್ಡಿ ಕನ್ನಡಕ ತಂದುಕೊಟ್ಟ ಹೆಸರು ಅದು. ಹುಡುಗರು ಹಂಗಿಸಲಿಕ್ಕೆ ಕರೆದರು. ಅಳುತ್ತ ಮನೆಗೆ ಬಂದವಳನ್ನು ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು, "ಅವರು ಕರೆದ್ರೆ ಬೈಗುಳ, ನಾನು ಕರೆದ್ರೆ ಬಿರುದು. ಇವತ್ತಿಂದ ನಾನೂ ಬುಡ್ಡಿ ಅಂತಲೇ ಕರೀತೀನಿ, ಅವರ ಬಾಯಿ ತಾನೇ ಸಪ್ಪೆ ಆಗುತ್ತೆ," ಅಂದ. ಹಾಗೇ ಆಯಿತು.

ಆ ಕನ್ನಡಕ ಕೊಂಡ ದಿನದ ಕಥೆಯನ್ನು ಅಪ್ಪ ನೆಂಟರೆದುರು ಹೇಳಿ ಹೇಳಿ ಸವೆಸಿದ್ದ. ಅಂಗಡಿಯವನು ಕಡ್ಡಿಗಳನ್ನು ಕಿವಿಗೆ ಸಿಕ್ಕಿಸಿದ ಕೂಡಲೆ ಮಗಳು ಅಪ್ಪನ ಮುಖವನ್ನೇ ದಿಟ್ಟಿಸಿ, "ಅಪ್ಪಾ, ನಿನ್ನ ಮೂಗಿನ ತುಂಬ ತೂತು!" ಎಂದು ಕಿರುಚಿದಳಂತೆ. ಅಂಗಡಿಯವನು ನಕ್ಕ ರಭಸಕ್ಕೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀರುವಿನ ಹಿಂದೆ ಬಿದ್ದು ಕಳೆದೇ ಹೋಯಿತಂತೆ. "ಅಲ್ಲಿವರೆಗೆ ನನ್ನ ಮರ್ಯಾದೆ ಕಾಪಾಡಿದ್ದು ಇವಳ ಮಂದ ಕಣ್ಣೇ," ಎಂದು ಅಪ್ಪ ಕಥೆ ಮುಗಿಸುತ್ತಿದ್ದ.

ಅದೇ ಅಂಗಡಿಯಲ್ಲಿ ಬುಡ್ಡಿಗೆ ಮಸೂರಗಳ ಹುಚ್ಚು ಹಿಡಿಯಿತು. ಶಾಲೆ ಬಿಟ್ಟೊಡನೆ ಅಲ್ಲಿ ಹೋಗಿ ಕೂರುವಳು. ಗಾಜನ್ನು ಕಣ್ಣಿನ ಮುಂದೆ ಅತ್ತಿತ್ತ ಆಡಿಸಿ ಗೆರೆ ಯಾವ ಕಡೆ ಓಡುತ್ತದೆಂದು ನೋಡುವಳು. ಕಣ್ಣು ಅಳೆಯುವ ಓದನ್ನೇ ಹಿಡಿದಳು. ಪದವಿ ಮುಗಿಸಿ ಒಂದಷ್ಟು ಕಾಲ ಅಂಗಡಿಗಳಲ್ಲಿ ನಂಬರು ನೋಡಿದಳು. ಕೈಗೆ ಕೆಲಸ ಒಗ್ಗಿತು, ಮನಸ್ಸಿಗೆ ಸಾಲಲಿಲ್ಲ. ಸ್ನಾತಕೋತ್ತರಕ್ಕೆ ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಅಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ "ಮಗಳು ಕಣ್ಣಿನ ಡಾಕ್ಟರ್ ಆಗ್ತಾಳೆ" ಎಂದು ಸಾರಿದ.

"ಡಾಕ್ಟರ್ ಅಲ್ಲಪ್ಪ, ಆಪ್ಟೋಮೆಟ್ರಿಸ್ಟ್."

"ಅದನ್ನ ಪೂರ್ತಿ ಹೇಳೋ ಹೊತ್ತಿಗೆ ನನ್ನ ಬಸ್ಸು ಮುಂದಿನ ಸ್ಟಾಪ್ ದಾಟಿರುತ್ತೆ. ಡಾಕ್ಟರೇ ಇರ್ಲಿ ಬಿಡು."

ಅಪ್ಪ ಶಾಲಾ ಬಸ್ಸಿನ ಡ್ರೈವರ್. ಸ್ಟೇರಿಂಗ್ ಹಿಡಿದೇ ತಲೆ ನರೆಸಿಕೊಂಡವನು. ಮಕ್ಕಳಿಗೆ ಅವನು ಬಸ್ ತಾತ. ಹತ್ತುವ ಪ್ರತಿ ಮಗುವಿಗೂ ಒಂದೊಂದು ಕೀಟಲೆ ಮಾತು ಇಟ್ಟುಕೊಂಡಿದ್ದ. ಬಸ್ಸಿಗೆ ಒಂದು ಗೀರು ಬಿದ್ದರೆ ತನ್ನ ಚರ್ಮ ಸುಲಿದಂತೆ ಚಡಪಡಿಸುತ್ತಿದ್ದ. ಆದರೆ ಗೀರು ಬೀಳಲು ಅವನು ಬಿಟ್ಟದ್ದೇ ಇಲ್ಲ. ಇಡೀ ಮನೆಯ ಹೆಮ್ಮೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ವಿಭಾಗದಲ್ಲಿ ಬುಡ್ಡಿಯ ದಿನಗಳು ಕತ್ತಲೆ ಕೋಣೆಗಳಲ್ಲಿ ಕಳೆಯುತ್ತಿದ್ದವು. ಕಿಟಕಿಗೆ ದಪ್ಪ ಕಪ್ಪು ಪರದೆ, ಗೋಡೆಗೂ ಕಪ್ಪು ಬಣ್ಣ, ಗಲ್ಲ ಇಡುವ ಪಟ್ಟಿಯಲ್ಲಿ ಸ್ಪಿರಿಟ್ಟಿನ ವಾಸನೆ. ವಿದ್ಯಾರ್ಥಿಗಳು ಒಬ್ಬರ ಕಣ್ಣಿನ ಮೇಲೆ ಒಬ್ಬರು ಕೈ ಪಳಗಿಸಿಕೊಳ್ಳಬೇಕು. ಹನಿ ಹಾಕಿಸಿಕೊಂಡವರ ಪಾಪೆ ಅರಳಿ, ಕ್ಯಾಂಟೀನಿನ ಬಿಸಿಲಿಗೆ ಬಂದರೆ ಗೋಡೆ ಹಿಡಿದುಕೊಂಡು ನಡೆಯುವರು. ಜೊತೆಯವನೊಬ್ಬ, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಉದ್ದಣ್ಣ ಎಂದೇ ಹೆಸರು. ಅಂಥ ಒಂದು ದಿನ ಬೇರೆ ಯಾರದೋ ಮೇಜಿಗೆ ಹೋಗಿ ಕೂತು ಅವರ ಚಹಾ ಕುಡಿದು ಎದ್ದು ಬಂದಿದ್ದ.

ಮನೆಗೆ ಬಂದರೆ ಬುಡ್ಡಿಯ ಪ್ರಯೋಗಕ್ಕೆ ಸಿಗುತ್ತಿದ್ದವನು ಅಪ್ಪ. ನಡುಮನೆಯ ಗೋಡೆಗೆ ಅಕ್ಷರದ ಪಟ ಅಂಟಿಸಿದ್ದಳು. ಅಪ್ಪ ಒಂದು ಕಣ್ಣು ಮುಚ್ಚಿ ಕಟ್ಟಕಡೆಯ ಸಾಲನ್ನು ಗಿಳಿಯ ಹಾಗೆ ಒಪ್ಪಿಸಿ, ಅದು ಸಾಲದೆಂಬಂತೆ ಅದರ ಕೆಳಗಿದ್ದ ಮುದ್ರಣಾಲಯದ ಹೆಸರನ್ನೂ ಓದುತ್ತಿದ್ದ. ಬುಡ್ಡಿ ಪಟ ಬದಲಿಸಿ ನೋಡಿದಳು. ಅದನ್ನೂ ಓದಿದ.

"ನೋಡ್ಕೊಳೇ, ಹದ್ದಿನ ಕಣ್ಣು," ಎಂದು ಅಡುಗೆಮನೆಯತ್ತ ಕೂಗುವನು.

"ಹದ್ದಿಗೆ ಕಾಲ ಕೆಳಗಿನ ಚಪ್ಪಲಿ ಮಾತ್ರ ಕಾಣಲ್ಲ, ದಿನಾ ಎಡವುತ್ತೆ," ಎಂದು ಅಮ್ಮ ಅಲ್ಲಿಂದಲೇ ಉತ್ತರಿಸುವಳು.

ಆ ಮಾತಿಗೆ ಮೂವರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಬುಡ್ಡಿ.

ಎರಡನೇ ವರ್ಷಕ್ಕೆ ಪ್ರಬಂಧ ಬರೆಯಬೇಕು. ಅವಳ ಮಾರ್ಗದರ್ಶಕಿಯನ್ನು ವಿಭಾಗದಲ್ಲಿ ಎಲ್ಲರೂ ಬರೀ ಮೇಡಂ ಅನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ನೆತ್ತಿಗೆ ಮೊಳೆ ಹೊಡೆದ ಹಾಗೆ. ಬುಡ್ಡಿ ಆರಿಸಿಕೊಂಡ ವಿಷಯ ಅವರಿಗೂ ಹಿಡಿಸಿತು. ನೇರ ನೋಡುವಾಗ ಮನುಷ್ಯನಿಗೆ ಅಕ್ಕಪಕ್ಕ, ಮೇಲೆ ಕೆಳಗೆ ಎಷ್ಟು ದೂರದವರೆಗೆ ಕಾಣುತ್ತದೆ. ಆರೋಗ್ಯವಂತ ಡ್ರೈವರುಗಳಲ್ಲಿ ವಯಸ್ಸಾದಂತೆ ಈ ಮಗ್ಗುಲು ನೋಟ ಎಷ್ಟು ಕುಗ್ಗುತ್ತದೆ. ಅದಕ್ಕೆ ವಯಸ್ಸಾದ ಡ್ರೈವರುಗಳು ಬೇಕು. ಡ್ರೈವರುಗಳೋ, ಕಣ್ಣಿನ ಪರೀಕ್ಷೆ ಅಂದರೆ ಲೈಸೆನ್ಸು ಹೋಯಿತೆಂದೇ ತಿಳಿದು ಮಾರು ದೂರ ಓಡುವವರು.

ದಾರಿ ತೋರಿಸಿದವನು ಅಪ್ಪ. "ಮೊದಲು ನಾನು ಕೂರ್ತೀನಿ. ನನಗೇನೂ ಆಗ್ಲಿಲ್ಲ ಅಂತ ಗೊತ್ತಾದ್ರೆ ಮಿಕ್ಕವರೂ ಬರ್ತಾರೆ. ನನ್ನ ಮಗಳ ಓದು ಇದು, ನಾನೇ ಬರದಿದ್ರೆ ಹೇಗೆ?"

ಬೆಳಗಿನ ಮಕ್ಕಳನ್ನು ಶಾಲೆಗೆ ಇಳಿಸಿ, ಮಧ್ಯಾಹ್ನದ ಸುತ್ತು ಶುರುವಾಗುವ ಮೊದಲು ಬಂದ. ಆ ಯಂತ್ರ ದೊಡ್ಡ ಬಿಳಿ ಬೋಗುಣಿಯನ್ನು ಎದ್ದು ನಿಲ್ಲಿಸಿದಂತೆ ಇತ್ತು. ಅದರೊಳಕ್ಕೆ ಮುಖವಿಟ್ಟು, ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಇನ್ನೊಂದು ಕಣ್ಣನ್ನು ನಡುವಿನ ಹಳದಿ ದೀಪದ ಮೇಲೆ ನೆಟ್ಟು ಕೂರಬೇಕು. ಬೋಗುಣಿಯ ಒಳಗೋಡೆಯ ಮೇಲೆ ಸಾಸಿವೆ ಗಾತ್ರದ ಬೆಳಕು ಎಲ್ಲೆಲ್ಲೋ ಮಿಣುಕಿ ಮಾಯವಾಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಕಣ್ಣು ಆಚೀಚೆ ಆಡಿಸುವಂತಿಲ್ಲ.

ಮೊದಲ ಪರೀಕ್ಷೆಯ ಹಾಳೆ ಹೊರಬಂದಾಗ ಬುಡ್ಡಿಯ ಮುಖ ಸಣ್ಣದಾಯಿತು. ಕಾಣುವ ಜಾಗ ಬಿಳಿಯಾಗಿ, ಕಾಣದ ಜಾಗ ಕಪ್ಪಾಗಿ ಅಚ್ಚಾಗುವ ಹಾಳೆ ಅದು. ಅಪ್ಪನದರಲ್ಲಿ ಕೆಳಭಾಗದಲ್ಲಿ ಕಪ್ಪು ಇತ್ತು, ಎಡಗಣ್ಣಿನದರಲ್ಲಿ ಹೆಚ್ಚು. ಉದ್ದಣ್ಣ ಭುಜದ ಮೇಲಿಂದ ಬಗ್ಗಿ ನೋಡಿ, "ಮೊದಲನೇ ಸಲ ತಾನೆ? ಎಲ್ಲರದೂ ಹೀಗೇ ಕೆಡುತ್ತೆ. ಎಸೆದು ಇನ್ನೊಂದ್ಸಲ ಮಾಡು," ಅಂದ. ಅವನು ಹೇಳಿದ್ದು ಸುಳ್ಳಲ್ಲ. ಮೊದಲ ಸಲ ಕೂತವರು ಗಾಬರಿಯಲ್ಲಿ ಗುಂಡಿ ಒತ್ತುವುದನ್ನೇ ಮರೆಯುತ್ತಾರೆ. ಅದನ್ನು ಕಲಿಕೆಯ ಪರೀಕ್ಷೆ ಎಂದು ಬದಿಗಿಡುವುದು ಈ ಕಸುಬಿನ ವಾಡಿಕೆ. ಬುಡ್ಡಿ ಬದಿಗಿಟ್ಟಳು.

ಅಪ್ಪನಿಗೆ ಮಗಳ ಮುಖ ಸಣ್ಣದಾದದ್ದು ಕಂಡಿತ್ತು. "ಏನೇ, ಕೆಟ್ಟುಹೋಯ್ತಾ?"

"ಏನಿಲ್ಲಪ್ಪ, ಸರಿಯಾಗಿ ಒತ್ತಿಲ್ಲ ನೀನು. ಸ್ವಲ್ಪ ಗಮನ ಇಟ್ಟು ಮಾಡಪ್ಪ. ಇದು ಚೆನ್ನಾಗಿ ಬಂದ್ರೇನೇ ನನ್ನ ಲೆಕ್ಕಕ್ಕೆ ಸೇರೋದು."

ಆಡಬಾರದಿದ್ದ ಮಾತು ಅದು. ಒಂದು ವಾರ ಬಿಟ್ಟು ಅಪ್ಪ ಮತ್ತೆ ಬಂದು ಕೂತ. ಗುಂಡಿ ಟಕ್, ಟಕ್, ಟಕ್ ಎಂದು ಹದವಾಗಿ ಬಡಿಯಿತು, ಗಡಿಯಾರ ಕೀಲಿ ಕೊಟ್ಟು ಇಟ್ಟಂತೆ. ನಿಜವಾಗಿ ಬೆಳಕು ನೋಡುವವರ ಗುಂಡಿ ಹಾಗೆ ಬಡಿಯುವುದಿಲ್ಲ. ಒಮ್ಮೆ ತಡೆಯುತ್ತದೆ, ಒಮ್ಮೆ ಅನುಮಾನಿಸುತ್ತದೆ. ಬುಡ್ಡಿಯ ಕಿವಿಗೆ ಅದು ಬಿತ್ತು. ಹಾಳೆ ಬಂತು: ಬಟ್ಟೆ ಒಗೆದು ಹರವಿದ ಹಾಗೆ ಬೆಳ್ಳಗೆ. ಸುಮ್ಮಸುಮ್ಮನೆ ಗುಂಡಿ ಒತ್ತಿದ ಪ್ರಮಾಣವನ್ನೂ ಯಂತ್ರ ಒಂದು ಮೂಲೆಯಲ್ಲಿ ತೋರಿಸುತ್ತದೆ. ಅದು ಮಿತಿಯ ಅಂಚಿಗೆ ಬಂದು ನಿಂತಿತ್ತು, ದಾಟಿರಲಿಲ್ಲ. ಬುಡ್ಡಿ ಕೇಳಿದ ಸದ್ದನ್ನು ಬಿಟ್ಟು ದಾಟದ ಮಿತಿಯನ್ನು ಹಿಡಿದುಕೊಂಡಳು.

ಇನ್ನೊಂದು ಕೆಲಸ ಬಾಕಿ ಇತ್ತು. ಕಣ್ಣಿಗೆ ಹನಿ ಹಾಕಿ, ಪಾಪೆ ಅರಳಿಸಿ, ಒಳಗೆ ನರದ ಬುಡ ಹೇಗಿದೆಯೆಂದು ನೋಡಬೇಕು. "ಹನಿ ಹಾಕಿದ್ರೆ ಮಂಜು ಮಂಜಾಗುತ್ತೆ ಅಂತೀಯ. ಮಧ್ಯಾಹ್ನ ಮಕ್ಕಳನ್ನ ಮನೆಗೆ ಬಿಡೋರ್ಯಾರು? ರಜೆಯಲ್ಲಿ ಬರ್ತೀನಿ ಬಿಡು," ಅಂದ ಅಪ್ಪ. ಕಣ್ಣಿನ ಒತ್ತಡ ಅಂಕೆಯಲ್ಲೇ ಇತ್ತು. ಅಕ್ಷರವನ್ನಂತೂ ಹದ್ದಿನಂತೆ ಓದುತ್ತಿದ್ದ. ಬುಡ್ಡಿ ತಲೆಯಾಡಿಸಿದಳು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇತ್ತೇ ಎಂದು ಬಂದ ಡ್ರೈವರುಗಳನ್ನೆಲ್ಲ ಕೇಳಿದವಳು ಅಪ್ಪನನ್ನು ಮಾತ್ರ ಕೇಳಲಿಲ್ಲ. ತನ್ನ ಮನೆಯ ವಿಷಯ ತನಗೆ ಗೊತ್ತಿಲ್ಲವೇ! ಅಪ್ಪನ ತಂದೆ, ಅವಳ ತಾತ, ಕೊನೆಗಾಲದಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದ್ದದ್ದು ಗೊತ್ತಿತ್ತು. ಅದಕ್ಕೆ ಪೊರೆ ಕಾರಣವೆಂದು ಮನೆಯಲ್ಲಿ ಎಲ್ಲರೂ ಅಂದುಕೊಂಡದ್ದೂ ಗೊತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದಳು.

ಅಪ್ಪನ ಮಾತಿಗೆ ಮಣಿದು ಬೇರೆ ಡ್ರೈವರುಗಳು ಒಬ್ಬೊಬ್ಬರಾಗಿ ಬಂದರು. ಕೆಲಸ ಸರಾಗವಾಗಿ ಸಾಗಿತು.

ಆಮೇಲೊಂದು ಸಂಜೆ ಅಪ್ಪ ಸಿಡಿಮಿಡಿಗುಟ್ಟುತ್ತ ಬಂದ. ಶಾಲೆಯ ಗೇಟಿನ ಪಕ್ಕ ಮೊಣಕಾಲೆತ್ತರದ ಒಂದು ಕಲ್ಲನ್ನು ಎಂದೋ ನೆಟ್ಟಿದ್ದರು. ಬಸ್ಸಿನ ಎಡಮಗ್ಗುಲು ಅದಕ್ಕೆ ಉಜ್ಜಿ, ಬಾಗಿಲಿನಿಂದ ಹಿಂದಿನ ಗಾಲಿಯವರೆಗೆ ಗೀರು ಬಿದ್ದಿತ್ತು.

"ಗೇಟು ಕಿರಿದು ಮಾಡಿದ್ದಾರೆ ಕಣೇ. ಮೊದಲು ಹೀಗಿರ್ಲಿಲ್ಲ."

"ಗೇಟೇನು ಬಟ್ಟೇನಾ, ಒಗೆದ್ರೆ ಕುಗ್ಗೋಕೆ?" ಅಂದಳು ಅಮ್ಮ. ಅಪ್ಪ ನಗಲಿಲ್ಲ. ಅವತ್ತು ಊಟವನ್ನೂ ಅರ್ಧಕ್ಕೇ ಬಿಟ್ಟ.

ಬುಡ್ಡಿಯ ಒಳಗೆ ಏನೋ ಮಿಸುಕಾಡಿತು. ಅದನ್ನು ಅದುಮಿಟ್ಟಳು. ಆದರೆ ಅಂದಿನಿಂದ ಕಣ್ಣು ಬೇಡವೆಂದರೂ ಅಪ್ಪನ ಹಿಂದೆಯೇ ಹೋಗತೊಡಗಿತು. ಮೇಜಿನ ಎಡಕ್ಕಿಟ್ಟ ಲೋಟಕ್ಕೆ ಅಪ್ಪನ ಕೈ ತಗುಲಿ ನೀರು ಚೆಲ್ಲಿತು. ಮೆಟ್ಟಿಲಿಳಿಯುವಾಗ ಪಾದ ಮೊದಲು ತಡವಿ, ಆಮೇಲೆ ಊರುತ್ತಿತ್ತು. ಅಂಗಡಿ ಬಾಗಿಲಲ್ಲಿ ಚೀಲ ಹಿಡಿದು ಎಡಗಡೆ ಕಾದು ನಿಂತಿದ್ದ ಅಮ್ಮನನ್ನು ದಾಟಿ, ಅವಳನ್ನೇ ಹುಡುಕುತ್ತ ಮುಂದೆ ಹೋಗಿಬಿಟ್ಟ. "ನಿಮ್ಮಪ್ಪನಿಗೆ ನಾನೀಗ ಲೆಕ್ಕಕ್ಕೇ ಇಲ್ಲ," ಎಂದು ಅಮ್ಮ ಮುನಿಸಿಕೊಂಡಳು. ಬುಡ್ಡಿಗೆ ಉತ್ತರ ಹೊಳೆಯಿತು, ಅದನ್ನೂ ಅದುಮಿಟ್ಟಳು.

ಅದಾದ ಮೇಲೆ ಬಂದದ್ದು ನೀರಿನ ಬಾಟಲಿ. ನೀಲಿ ಬಣ್ಣದ್ದು, ಮೇಲೆ ಮೀನಿನ ಚಿತ್ರ, ಪುಟ್ಟ ಮಕ್ಕಳು ಕೊರಳಿಗೆ ಹಾಕಿಕೊಳ್ಳುವಂಥದ್ದು. ಅಪ್ಪ ಅದನ್ನು ಮೇಜಿನ ಮೇಲಿಟ್ಟ. ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗಿತ್ತು.

"ಒಂದು ಪುಟಾಣಿ ಇದನ್ನ ಬಸ್ಸಿನ ಮುಂದೆ ಎಡಕ್ಕೆ ಇಟ್ಟು ಬೂಟಿನ ದಾರ ಕಟ್ಕೊಳ್ತಾ ಕೂತಿತ್ತಂತೆ. ಮಗೂನ ಆಯಾ ಎಳ್ಕೊಂಡ್ಲು. ನಾನು ಬಸ್ಸು ಬಿಟ್ಟೆ. ಬಾಟ್ಲಿ ಒಡೆಯಿತು ಅಂತ ಅಳ್ತಿತ್ತು ಮಗು. ನಾಳೆ ಇಂಥದ್ದೇ ಹೊಸದು ತಂದುಕೊಡ್ಬೇಕು. ಎಲ್ಲಿ ಸಿಗುತ್ತೆ ನೋಡೇ ಬುಡ್ಡಿ."

ಅಪ್ಪ ಬಾಟಲಿಯ ಮಾತಾಡುತ್ತಿದ್ದ. ಬುಡ್ಡಿಗೆ "ಆಯಾ ಎಳ್ಕೊಂಡ್ಲು" ಎಂಬಲ್ಲಿಗೆ ಕಿವಿ ನಿಂತುಹೋಗಿತ್ತು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ವಿಭಾಗಕ್ಕೆ ಹೋಗಿ, ಬದಿಗಿಟ್ಟಿದ್ದ ಮೊದಲ ಹಾಳೆಯನ್ನು ತೆಗೆದು ಬೆಳಕಿಗೆ ಹಿಡಿದಳು. ಗಾಬರಿಯಲ್ಲಿ ಮಾಡಿದ ತಪ್ಪು ಚೆಲ್ಲಿದ ಮಸಿಯ ಹಾಗೆ ಅಲ್ಲೊಂದು ಇಲ್ಲೊಂದು ಇರುತ್ತದೆ. ಇದು ಹಾಗಿರಲಿಲ್ಲ. ನಡುಗೆರೆಯ ಕೆಳಗೆ ಅಚ್ಚುಕಟ್ಟಾಗಿ, ಕುಡುಗೋಲಿನಂತೆ ಬಾಗಿ ಕೂತಿತ್ತು. ಗೆರೆಯ ಮೇಲಕ್ಕೆ ಒಂದು ಚುಕ್ಕೆಯೂ ಏರಿರಲಿಲ್ಲ. ಗ್ಲಾಕೋಮಾ ಹೀಗೆ ಬರುತ್ತದೆ ಎಂದು ಅವಳೇ ಕಿರಿಯ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದಳು. ನೋವಿಲ್ಲ, ಕೆಂಪಿಲ್ಲ, ಒತ್ತಡ ಅಂಕೆಯಲ್ಲಿದ್ದರೂ ಕೆಲವರನ್ನು ಬಿಡುವುದಿಲ್ಲ, ನಡುವಿನ ನೋಟವನ್ನು ಕೊನೆಗೆಂದು ಉಳಿಸಿ ಅಂಚಿನಿಂದ ತಿನ್ನುತ್ತ ಬರುತ್ತದೆ. ನಡುಮನೆಯ ಪಟವನ್ನು ಅಪ್ಪ ಓದದೆ ಇನ್ನೇನು ಮಾಡಿಯಾನು?

ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಯಾರು ಇವರು?"

"ನಮ್ಮ ತಂದೆ, ಮೇಡಂ. ಬಸ್ಸು ಓಡಿಸ್ತಾರೆ."

"ಹೊರಗಿನವರಾಗಿದ್ರೆ ಇದನ್ನ ಎಸೀತಿದ್ಯಾ?"

ಬುಡ್ಡಿ ತಲೆ ತಗ್ಗಿಸಿದಳು.

"ಹನಿ ಹಾಕದೆ ಬಿಡ್ತಿದ್ಯಾ?"

"ಇಲ್ಲ ಮೇಡಂ."

"ಪ್ರಬಂಧದ ವಿಷಯ ಆಮೇಲೆ ಮಾತಾಡೋಣ. ನೀನು ಸೇರಿಸಿಕೊಂಡ ಒಬ್ಬೊಬ್ಬರನ್ನೂ ನಾನೇ ಇನ್ನೊಂದು ಸಲ ನೋಡ್ತೀನಿ. ಮೊದಲು ಇವರನ್ನ ಕರ್ಕೊಂಡು ಬಾ. ಬಸ್ಸು ಓಡಿಸ್ತಾರೆ ಅಂದ್ಯಲ್ಲ, ಎಂಥ ಬಸ್ಸು?"

"ಶಾಲೆ ಬಸ್ಸು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬುಡ್ಡಿಗೆ.

ಮನೆಯಲ್ಲಿ ಮಾತು ತೆಗೆದಾಗ ಅಪ್ಪ ಉರಿದುಬಿದ್ದ. "ಪಾಸು ಮಾಡಿದವಳು ನೀನೇ, ಈಗ ಫೇಲು ಅನ್ನೋಳೂ ನೀನೇನಾ? ಒಂದು ಗೀರಿಗೆ ನನ್ನನ್ನ ಕುರುಡ ಮಾಡ್ತೀಯಲ್ಲೇ!"

"ಅಪ್ಪಾ, ಎರಡನೇ ಸಲ ಬೆಳಕು ನೋಡಿ ಒತ್ತಿದ್ಯಾ?"

"ಇನ್ನೇನು ಕತ್ತಲೆ ನೋಡಿ ಒತ್ತಿದ್ನಾ?"

"ನನ್ನ ಮೇಲಾಣೆ ಇಟ್ಟು ಹೇಳಪ್ಪ."

ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಂದು ನಿಂತಳು. ಅಪ್ಪನ ದನಿ ಇಳಿಯಿತು. "ಒಳಗೆ ಟಿಕ್ ಅಂತ ಸಣ್ಣ ಸದ್ದು ಬರ್ತಿತ್ತು. ಇಂಜಿನ್ ಕೇಳಿ ಕೇಳಿ ಪಳಗಿದ ಕಿವಿ ನಂದು. ಸದ್ದಿಗೆ ಸರಿಯಾಗಿ ಒತ್ತಿದೆ. ನಡುನಡುವೆ ಬೇಕಂತ ಒಂದೊಂದು ಬಿಟ್ಟೆ, ಅನುಮಾನ ಬರಬಾರದು ಅಂತ. ಚೆನ್ನಾಗಿ ಬಂದ್ರೇನೇ ನನ್ನ ಲೆಕ್ಕಕ್ಕೆ ಸೇರೋದು ಅಂದ್ಯಲ್ಲ. ನನ್ನಿಂದ ನಿನ್ನ ಓದು ಕೆಡಬಾರದಲ್ಲ."

ಬುಡ್ಡಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಕನ್ನಡಕವಿಲ್ಲದ ಕಣ್ಣಿಗೆ ಅಪ್ಪನ ಮುಖ ಎರಡನೇ ಕ್ಲಾಸಿಗೆ ಮುಂಚೆ ಕಾಣುತ್ತಿದ್ದ ಹಾಗೆ ಬರೀ ಮಸುಕು.

"ಅದು ನನ್ನ ಪರೀಕ್ಷೆ ಅಲ್ಲಪ್ಪ," ಅಂದಳು. "ತಪ್ಪು ನಂದೇ. ನಾನೇ ಹಾಗೆ ಹೇಳಿಕೊಟ್ಟೆ."

ಮರುದಿನ ಬೆಳಿಗ್ಗೆ ಬಸ್ಸಿನ ಮುಂದೆ ನಿಂತು ಹಟ ಹಿಡಿದವಳು ಅಮ್ಮ. ಮಕ್ಕಳನ್ನು ಇಳಿಸಿದ ಮೇಲೆ ಹೋಗುತ್ತೇನೆಂದ ಅಪ್ಪ. "ಮಕ್ಕಳನ್ನ ಹತ್ತಿಸೋ ಹಾಗಿಲ್ಲ. ಮೊದಲು ಕಣ್ಣು, ಆಮೇಲೆ ಮಕ್ಕಳು," ಅಂದಳು ಅಮ್ಮ. ಅಪ್ಪ ಗೊಣಗುತ್ತ ಬದಲಿ ಡ್ರೈವರನಿಗೆ ಫೋನು ಮಾಡಿ, ಇನ್ನೊಂದು ಬಸ್ಸಿನಲ್ಲಿ ಬೆಳಗಿನ ಸುತ್ತು ಮುಗಿಸಿ ವಿಶ್ವವಿದ್ಯಾಲಯಕ್ಕೆ ಬಾ ಎಂದ. ಖಾಲಿ ಬಸ್ಸನ್ನು ತಾನೇ ಓಡಿಸಿದ. ಅದರ ಕೀಲಿಯನ್ನು ಯಾರ ಕೈಗೂ ಕೊಡಲಿಲ್ಲ. ಬುಡ್ಡಿ ಬಾಗಿಲ ಬಳಿ ನಿಂತು ದಾರಿಯುದ್ದಕ್ಕೂ ಎಡಮಗ್ಗುಲನ್ನು ತಾನೇ ನೋಡಿದಳು. "ಸೈಕಲ್, ಅಪ್ಪ." "ಕಂಡಿತು." "ಅಜ್ಜಿ ಇಳೀತಿದ್ದಾರೆ." "ಕಂಡಿತು ಅಂದ್ನಲ್ಲ!" ಆದರೆ ಬ್ರೇಕು ಬಿದ್ದದ್ದು ಪ್ರತಿ ಸಲವೂ ಅವಳ ಮಾತಿನ ಮೇಲೆ.

ಕತ್ತಲೆ ಕೋಣೆಯಲ್ಲಿ ಅಪ್ಪ ಬೋಗುಣಿಯೊಳಕ್ಕೆ ಮುಖವಿಟ್ಟ. "ಕಂಡ್ರೆ ಮಾತ್ರ ಒತ್ತಪ್ಪ," ಅಂದಳು ಬುಡ್ಡಿ. ಯಂತ್ರದ ಹಿಂಬದಿಯ ತೆರೆಯ ಮೇಲೆ ಅಪ್ಪನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಇಷ್ಟು ದಿನ ಅಲ್ಲಿ ಕೂತವರಲ್ಲಿ ಅಷ್ಟು ಅಲ್ಲಾಡದ ಕಣ್ಣನ್ನು ಅವಳು ನೋಡಿರಲಿಲ್ಲ. ರಸ್ತೆ ನೋಡಿ ಕಲಿತ ಕಣ್ಣು. ನೇರ ಅಂದರೆ ನೇರ. ಬೆಳಕು ಮೇಲೆ ಮಿಣುಕಿತು, ಹೆಬ್ಬೆರಳು ಗುಂಡಿ ಒತ್ತಿತು. ಕೆಳಗೆ ಎಡಕ್ಕೆ ಮಿಣುಕಿತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ಕದಲಲಿಲ್ಲ. ಯಂತ್ರ ಅದೇ ಜಾಗದಲ್ಲಿ ಇನ್ನಷ್ಟು ಪ್ರಖರವಾದ ಬೆಳಕು ಬಿಟ್ಟಿತು. ಆ ಕತ್ತಲೆಯಲ್ಲಿ ಬುಡ್ಡಿಗೆ ಅದು ಟಾರ್ಚಿನಂತೆ ಕಂಡಿತು. ಹೆಬ್ಬೆರಳು ಕದಲಲಿಲ್ಲ. ಒತ್ತಪ್ಪ, ಒತ್ತಿಬಿಡು ಎಂದು ಬಾಯಿಗೆ ಬಂದದ್ದನ್ನು ತುಟಿ ಕಚ್ಚಿ ನುಂಗಿದಳು.

ಮುಗಿದ ಮೇಲೆ ಅಪ್ಪ ಗಲ್ಲ ಎತ್ತಿ, "ಈ ಸಲ ದೀಪ ಕಮ್ಮಿ ಬಿಟ್ಟಿರಿ, ಅಲ್ವಾ?" ಎಂದು ಕೇಳಿದ.

ಮೇಡಂ ಹನಿ ಹಾಕಿ ಒಳಗೆ ನೋಡಿದರು. ನರದ ಬುಡ ಸವೆದು ಬಟ್ಟಲಿನಂತೆ ಗುಳಿಬಿದ್ದಿತ್ತು. ಎದುರಿಗೆ ಕೂತು ಮೆತ್ತಗೆ ಹೇಳಿದರು: ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಹನಿಯಿಂದ ಹಿಡಿದಿಡಲು ನೋಡಬಹುದು, ಕಣ್ಣಿನ ಡಾಕ್ಟರಿಗೆ ಇವತ್ತೇ ಕಳಿಸುತ್ತೇನೆ, ಮಕ್ಕಳ ಬಸ್ಸನ್ನು ಮಾತ್ರ ಇನ್ನು ಮುಟ್ಟಬೇಡಿ. ಅಪ್ಪ ಮರ್ಯಾದೆಯಿಂದಲೇ ಕೇಳಿಸಿಕೊಂಡ. ಹೊರಗೆ ಬಂದ ಕೂಡಲೆ, "ನಿಮ್ಮ ಮೆಷಿನ್ನು ಕೆಟ್ಟಿರಬೇಕು ಕಣೇ," ಅಂದ.

ಅಂಗಳದಲ್ಲಿ ಬಸ್ಸು ನಿಂತಿತ್ತು, ಎಡಮಗ್ಗುಲಿನ ಗೀರು ಬಿಸಿಲಿಗೆ ಹೊಳೆಯುತ್ತಿತ್ತು. ಬದಲಿ ಡ್ರೈವರ್ ಇನ್ನೂ ಬಂದಿರಲಿಲ್ಲ. ಅರಳಿದ ಪಾಪೆಗೆ ಬಿಸಿಲು ಚುಚ್ಚಿ ಅಪ್ಪ ಕಣ್ಣು ಕಿರಿದು ಮಾಡಿಕೊಂಡು, ಹಿಡಿ ತಡಕಿ ಹತ್ತಿ ತನ್ನ ಸೀಟಿನಲ್ಲಿ ಕೂತ. ಕೀಲಿ ಸಿಕ್ಕಿಸಿದ, ಇಂಜಿನ್ ಶುರು ಮಾಡಲಿಲ್ಲ. ಎರಡು ಕೈಯನ್ನೂ ಸ್ಟೇರಿಂಗಿನ ಮೇಲಿಟ್ಟ.

"ಮೆಷಿನ್ ಬೇಡ. ನನ್ನ ಸೀಟಲ್ಲಿ ಕೂತು ನಾನೇ ನೋಡ್ತೀನಿ. ಆ ಎದುರಿನ ಗಡಿಯಾರದ ಗೋಪುರದಿಂದ ಕಣ್ಣು ತೆಗೆಯಲ್ಲ. ನೀನು ಹೋಗಿ ಎಡಕ್ಕೆ, ಆ ಹೂವಿನ ಪಾತಿ ಹತ್ರ ಕೂತ್ಕೊ. ಮಗುವಿನ ಎತ್ತರಕ್ಕೆ. ಕೂತ ತಕ್ಷಣ ನಾನು ಕೈ ಎತ್ತುತೀನಿ."

"ಅಪ್ಪಾ, ಹನಿ ಹಾಕಿದ್ದಾರೆ, ಈಗ..."

"ಮಸುಕಾದ್ರೂ ಮನುಷ್ಯರು ಇದ್ದಾರೋ ಇಲ್ವೋ ಗೊತ್ತಾಗಲ್ವಾ? ಹೋಗೇ."

ಬುಡ್ಡಿ ಹೋದಳು. ಹೂವಿನ ಪಾತಿಯ ಕಟ್ಟೆಯ ಪಕ್ಕ, ಬಸ್ಸಿನ ಗಾಜಿನ ಬಾಗಿಲಿನಿಂದ ಚೆನ್ನಾಗಿ ಕಾಣುವ ಕಡೆ, ಕುಕ್ಕರುಗಾಲಿನಲ್ಲಿ ಕೂತಳು. ಉಟ್ಟದ್ದು ಕೆಂಪು ಸೀರೆ. ಅಪ್ಪ ಗೋಪುರವನ್ನೇ ನೋಡುತ್ತಿದ್ದ. ಅವಳು ಒಂದು ಕೈ ಮೇಲೆತ್ತಿ ಬೀಸಿದಳು. ಇನ್ನೊಂದನ್ನೂ ಎತ್ತಿದಳು. ದಾರಿಯಲ್ಲಿ ಹೋಗುತ್ತಿದ್ದ ಹುಡುಗಿಯರಿಬ್ಬರು ನಿಂತು ಅವಳನ್ನು ನೋಡಿ ನಕ್ಕು ಮುಂದೆ ಹೋದರು. ಮೊಣಕಾಲು ನೋಯತೊಡಗಿತು. ಅಪ್ಪನ ಕೈ ಸ್ಟೇರಿಂಗಿನ ಮೇಲೇ ಇತ್ತು.

"ಬುಡ್ಡೀ," ಎಂದು ಕೊನೆಗೆ ಅಪ್ಪ ಕೂಗಿದ, ಗೋಪುರದಿಂದ ಕಣ್ಣು ಕೀಳದೆ. "ಯಾಕೇ ಇನ್ನೂ ನಿಂತೇ ಇದ್ದೀಯ? ಹೋಗಿ ಕೂತ್ಕೊ ಅಂದ್ನಲ್ಲ."

ಅವಳು ಎತ್ತಿದ ಕೈಗಳನ್ನು ಇಳಿಸಲಿಲ್ಲ. ಉತ್ತರ ಬಾರದಾಗ ಅಪ್ಪ ನಿಧಾನವಾಗಿ ಎಡಕ್ಕೆ ಕತ್ತು ತಿರುಗಿಸಿದ. ಕಟ್ಟೆಯ ಪಕ್ಕ ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದ ಮಗಳು ಅವನ ಕಣ್ಣಿಗೆ ಆಗ ಬಿದ್ದಳು.

ಆಮೇಲೆ ಕೀಲಿ ಕಿತ್ತು ಅಂಗೈಯಲ್ಲಿ ಹಿಡಿದು, ಮೆಟ್ಟಿಲನ್ನು ಪಾದದಿಂದ ತಡವಿ ಇಳಿದ. ಬದಲಿ ಡ್ರೈವರ್ ಅಷ್ಟರಲ್ಲಿ ಬಂದು, "ಏನಣ್ಣಾ, ಎರಡು ದಿನ ರಜೆನಾ?" ಎಂದು ನಗುತ್ತ ಕೈಯೊಡ್ಡಿದ. ಅಪ್ಪ ಕೀಲಿಯನ್ನು ಆ ಕೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ.

"ಗೇಟು ಏನೂ ಕಿರಿದಾಗಿಲ್ಲ," ಅಂದ. "ಎಡಕ್ಕೆ ಒಂದು ಗಿಡ್ಡ ಕಲ್ಲಿದೆ. ನೋಡ್ಕೊಂಡು ತಿರುಗಿಸು."